ಆಶ್ಲೇಷ ಮಳೆಯಲ್ಲಿ ಹುಟ್ಟಿದ ಟೈರು

ಜುಲೈ 31, ಗುರುವಾರ

ಸ್ವಸ್ತಿ ಸಮಸ್ತ ಗೊಬ್ಬರಾಶ್ರಯ, ಶ್ರೀ ಯೂರಿಯಾವಲ್ಲಭ, ಮಹಾರಾಜಾಧಿರಾಜ, ಕುರುಗೋಡು ಪುರವರಾಧೀಶ್ವರನಾದ ಡೈರಿಪ್ರಭುವೇ, ಜಯತು. ಸಿರುಗುಪ್ಪದ ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ನಿನ್ನನ್ನು ಅಪ್ಪನಿಗೆ ಪುಕ್ಕಟೆ ದಾನ ಮಾಡಿದರು. ಅಂದಿನಿಂದ ಅಕ್ಕಿ ಡಬ್ಬಿಯ ಮೇಲೆ ಪವಡಿಸಿದ್ದೀಯ. ಇಂದು ನಿನಗೆ ಪಟ್ಟಾಭಿಷೇಕ. ಬರೆಯುವವಳು ನಿನ್ನ ಪಾದಸೇವಕಿ ನೇತ್ರಾ, ಬಿ.ಕಾಂ., ಸದ್ಯಕ್ಕೆ ನಿರುದ್ಯೋಗಿ, ಇಂದು ಮುಂಜಾನೆಯಿಂದ ಸಾರಥಿ.

ಸಾರಥಿ ಪದವಿ ನಾನಾಗಿ ಬೇಡಿದ್ದಲ್ಲ. ನಮ್ಮ ಅಜ್ಜಿ ಜೋಗಮ್ಮನಿಗೆ ಸೋಮವಾರ ಮತ್ತು ಗುರುವಾರ ಬಳ್ಳಾರಿಯಲ್ಲಿ ಡಯಾಲಿಸಿಸ್. ಕಾರು ಓಡಿಸುತ್ತಿದ್ದ ಕರಿಬಸವ ಭತ್ತದ ನಾಟಿ ಬಂದ ಕೂಡಲೇ ಟ್ರ್ಯಾಕ್ಟರ್ ಹತ್ತಿ ಕೆಸರಲ್ಲಿ ಮಾಯವಾದ. ಅಪ್ಪ ತಿಪ್ಪೇಶ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕ ನೋಡುವವನು, ಭಾನುವಾರಕ್ಕೊಮ್ಮೆ ಬರುತ್ತಾನೆ. ಅವ್ವ ಸಿರಿಗೇರಿಯ ಸಾಲಿ ಟೀಚರು, ರಜೆ ಇಲ್ಲ. ಉಳಿದವಳು ನಾನು. ವಿರೂಪಮ್ಮನ ಹಿತ್ತಲಲ್ಲಿ ರಬ್ಬರ್ ಹಾವು ಬಿಟ್ಟು ಮೊನ್ನೆಯಷ್ಟೇ ಬೈಸಿಕೊಂಡವಳ ಕೈಗೆ ಅಜ್ಜಿಯ ಪ್ರಾಣವನ್ನೂ ತಾತನ ಕಾಲದ ಬಿಳಿ ಕಾರನ್ನೂ ಒಪ್ಪಿಸಲಾಯಿತು.

ಪ್ರಥಮ ಯಾತ್ರೆಯ ವಿವರ. ಗದ್ದೆಯಿಂದ ಏರಿದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆಮಣ್ಣು ಉದುರಿಸಿದ್ದವು. ಅದರ ಮೇಲೆ ಮಳೆ ಹನಿಸಿತ್ತು. ಮುಂದೆ ಬಸ್ಸು ನಿಂತಿತು, ನಾನು ಬ್ರೇಕ್ ಒತ್ತಿದೆ, ಕಾರು ನಿಲ್ಲಲಿಲ್ಲ. ಮದುವೆ ಮನೆಯಲ್ಲಿ ಸೀರೆ ತೋರಿಸುವವಳಂತೆ ನಿಧಾನವಾಗಿ ಒಂದು ಸುತ್ತು ತಿರುಗಿ, ಕುರುಗೋಡಿನ ಕಡೆ ಮುಖ ಮಾಡಿ ನಿಂತಿತು.

ಅಜ್ಜಿ ಹಿಂದಿನ ಸೀಟಿನಿಂದ ಕೇಳಿದಳು: "ಏನ್ ಮರತು ಬಂದಿ?"

"ನೀರಿನ ಬಾಟ್ಲಿ," ಅಂದೆ. ಮತ್ತೆ ತಿರುಗಿಸಿಕೊಂಡು ಹೊರಟೆ. ಬಳ್ಳಾರಿ ಮುಟ್ಟುವವರೆಗೂ ಎರಡನೇ ಗೇರು ದಾಟಲಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

ಅಜ್ಜಿ ಯಂತ್ರಕ್ಕೆ ಅಂಟಿಕೊಂಡ ಹೊತ್ತಿನಲ್ಲಿ ಕೌಲ್ ಬಜಾರಿಗೆ ಹೋದೆ. ಟೈರ್ ಅಂಗಡಿಯ ಉಮಾಪತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು, ಟೈರಿನ ಗೀರಿನೊಳಗೆ ಒಂದು ರೂಪಾಯಿ ನಾಣ್ಯ ನಿಲ್ಲಿಸಲು ನೋಡಿದ. ಅದು ಜಾರಿ ಬಿತ್ತು. ನೀರು ಹರಿದು ಹೋಗಲು ಇರುವ ಕಾಲುವೆಗಳಂತೆ ಅವು. ಕಾಲುವೆ ಹೂತರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದಂತೆ. ಆಮೇಲೆ ಟೈರಿನ ಪಕ್ಕೆಯಲ್ಲಿ ಒಂದು ಪುಟ್ಟ ಅಂಡಾಕಾರದೊಳಗೆ ಒತ್ತಿದ್ದ ಅಂಕಿ ತೋರಿಸಿದ: 3215. ಎರಡು ಸಾವಿರದ ಹದಿನೈದನೇ ಇಸವಿ, ಮೂವತ್ತೆರಡನೇ ವಾರ. ಅಂದರೆ ಟೈರಿನ ಜನ್ಮದಿನ. ರಬ್ಬರ್ ಕಲ್ಲಾಗಿದೆ, ಸಂಗನಕಲ್ಲಿನ ಶಿಲಾಯುಗದ ಗುಡ್ಡಕ್ಕೆ ಒಯ್ದರೆ ಅಗೆಯುವವರು ಎತ್ತಿಟ್ಟುಕೊಂಡಾರು ಎಂದ.

ಜನ್ಮದಿನ ಎಂಬ ಮಾತು ಕೈಗೆ ಸಿಕ್ಕ ಮೇಲೆ ನಾನು ಸುಮ್ಮನಿರುವುದು ಹೇಗೆ ಪ್ರಭುವೇ? ಬರುವಾಗ ಬಲು ಗಂಭೀರವಾಗಿ ಅಜ್ಜಿಗೆ ಹೇಳಿದೆ: ಟೈರಿಗೂ ಜಾತಕ ಉಂಟು, ನಮ್ಮ ನಾಲ್ಕು ಮಂದಿ ಹುಟ್ಟಿದ್ದು ಹತ್ತು ವರ್ಷದ ಹಿಂದೆ ಆಗಸ್ಟ್ ಮೊದಲ ವಾರ, ಒಂದೇ ಬಾಣಂತನ. ಅಜ್ಜಿ ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಊರು ಬರುವವರೆಗೂ ತುಟಿ ಬಿಚ್ಚಲಿಲ್ಲ. ಜೋಗಮ್ಮನ ಬಾಯಿ ಕಟ್ಟಿದ ಮೊದಲ ಮನುಷ್ಯಳು ನಾನು. ಶಾಸನ ಕೆತ್ತಿಸಬೇಕು.


ಆಗಸ್ಟ್ 3, ಭಾನುವಾರ

ಶಾಸನ ಬೇಡ.

ನಮ್ಮ ಮನೆಯಲ್ಲಿ ಪಂಚಾಂಗ ಇಲ್ಲ. ಅಪ್ಪ ಬೌದ್ಧನಾಗಿ ಪಂಚಶೀಲ ತೆಗೆದುಕೊಂಡ ವರ್ಷವೇ ಅದನ್ನು ಹೊರಗೆ ಹಾಕಿದ. ಆದರೆ ಮಳೆಗಳನ್ನು ಹೊರಗೆ ಹಾಕಲು ಅವನಿಂದ ಆಗಲಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆಗಳ ಹೆಸರೆಲ್ಲ ಅಜ್ಜಿಗೆ ಬಾಯಿಪಾಠ. ಯಾರು ಯಾವ ಮಳೆಯಲ್ಲಿ ಹುಟ್ಟಿದರೋ ಅದೇ ಅವರ ನಕ್ಷತ್ರ ಎಂಬುದು ಅವಳ ಶಾಸ್ತ್ರ. ಅವಳು ಹುಟ್ಟಿದ್ದು ರೋಹಿಣಿ ಮಳೆಯಲ್ಲಿ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು.

ಟೈರಿನ ಅಂಕಿ ವಾರ ಹೇಳುತ್ತದೆ, ಮಳೆಯೊಂದು ಎರಡು ವಾರ ಇರುತ್ತದೆ. ಲೆಕ್ಕ ಚೆನ್ನಾಗಿಯೇ ಕೂಡಿತು.

ಅಪ್ಪ ಊಟಕ್ಕೆ ಕೂತಾಗ ಅಜ್ಜಿ ತೀರ್ಪು ಕೊಟ್ಟಳು. "ಟೈರು ಹುಟ್ಟಿದ್ದು ಆಶ್ಲೇಷ ಮಳ್ಯಾಗ. ಆಶ್ಲೇಷ ಅಂದ್ರ ಸರ್ಪ. ಅದಕ್ಕ ಅವತ್ತ ಹಾವಿನಂಗ ಹರದ್ವು. ಈ ಹುಡುಗಿ ನೀರಿನ ಬಾಟ್ಲಿ ಮರತು ಬಂದೀನಿ ಅಂತು. ಬಾಟ್ಲಿ ನನ್ನ ಮಡ್ಲಾಗ ಇತ್ತು."

ಅಪ್ಪ ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ.

ಆಶ್ಲೇಷ ಅತ್ತೆಗೆ ಆಗದಂತೆ. ಈ ಮನೆಯಲ್ಲಿ ಅತ್ತೆ ಅಂದರೆ ಅವಳೇ. ಸಾಲದ್ದಕ್ಕೆ ಹೊರಗೆ ಇವತ್ತಿನಿಂದಲೇ ಆಶ್ಲೇಷ ಮಳೆ ಶುರು. ಹಾವಿನ ಮಳೆಯಲ್ಲಿ ಹಾವಿನ ಗಾಲಿ, ತಾನು ಹತ್ತುವುದಿಲ್ಲ ಎಂದಳು.

ಅಪ್ಪ ಹೊಸ ಟೈರು ಹಾಕಿಸಲು ಅಲ್ಲೇ ಒಪ್ಪಿದ. ನಾಳೆ ಒಂದು ದಿನ ಹೋಗಿ ಬರಲಿ, ಅಲ್ಲೇ ಹಾಕಿಸಿದರಾಯಿತು ಎಂದ. ಇಲ್ಲ ಎಂದಳು. "ಅವ್ವಾ, ಅದು ರಬ್ಬರ್," ಎಂದ ಅಪ್ಪ.

"ನೀನೂ ಬರೇ ಮಾಂಸದ ಮುದ್ದಿ ಆಗಿದ್ದಿ. ಆದ್ರೂ ಯಾವ ಮಳಿ ಅಂತ ನೋಡಿ ಇಟಕೊಂಡಿಲ್ಲೇನು ನಾನು?"

ಅಪ್ಪ ಮಜ್ಜಿಗೆ ಕೇಳಿದ.


ಆಗಸ್ಟ್ 4, ಸೋಮವಾರ

ಅಜ್ಜಿ ಹೋಗಲಿಲ್ಲ.

ಬಸ್ಸು ಬೇಡವೆಂದು ಡಾಕ್ಟರೇ ಹೇಳಿದ್ದಾರೆ. ಹಿಂದೊಮ್ಮೆ ಬಸ್ಸಿನ ಗದ್ದಲದಲ್ಲಿ ಯಾರದೋ ಚೀಲ ಸೂಜಿ ಚುಚ್ಚಿದ ಕೈಗೆ ಬಡಿದು ರಕ್ತ ನಿಲ್ಲಲಿಲ್ಲ. ಆಟೋ ಕರೆಸಿದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಆಟೋದವನಿಗೆ ಮೂರೂ ಗಾಲಿಯ ಅಂಕಿ ಓದಿಸಿದಳು. ಮುಂದಿನದು ಮಘೆ, ಹಿಂದಿನವೆರಡು ಜ್ಯೇಷ್ಠ. "ಇವು ಒಂದು ಮನ್ಯಾಗ ಬಾಳ್ವಿ ಮಾಡಂಗಿಲ್ಲಪ," ಎಂದು ಕಳಿಸಿದಳು. ಹುಡುಗ ಪಾಪ, ಹೋಗುವಾಗ ಮುಂದಿನ ಗಾಲಿಯನ್ನು ತಿರುತಿರುಗಿ ನೋಡುತ್ತ ಹೋದ.

ನಕ್ಕೆ. ಆಮೇಲೆ ಅಜ್ಜಿಯ ಕಾಲು ನೋಡಿದೆ. ಚಪ್ಪಲಿ ಹಿಡಿಯುತ್ತಿರಲಿಲ್ಲ.


ಆಗಸ್ಟ್ 5, ಮಂಗಳವಾರ

ಆಸ್ಪತ್ರೆಯ ನರ್ಸ್ ಫೋನ್ ಮಾಡಿದ್ದಳು. ಗುರುವಾರವೂ ತಪ್ಪಿದರೆ ನೀರು ಎದೆಗೆ ಏರುತ್ತದಂತೆ. ಅವಳು ಉಪಚಾರಕ್ಕೂ ನಗಲಿಲ್ಲ.

ಅಜ್ಜಿಗೆ ಮಲಗಿದರೆ ಉಸಿರು ಸಿಗುತ್ತಿಲ್ಲ, ಗೋಡೆಗೆ ಒರಗಿ ಕೂತೇ ಇದ್ದಾಳೆ. ಕಾಲಬಳಿ ಕೂತು ನಿಜ ಹೇಳಿದೆ: ಜಾತಕದ ಮಾತು ನಾನು ಮಾಡಿದ ತಮಾಷೆ, ಕಾರ್ಖಾನೆಯವರು ಒತ್ತುವ ಅಂಕಿ ಅದು.

"ತಮಾಷಿ ಮಾಡಿದಾಕಿ ನೀನು," ಎಂದಳು, ಮಾತಿನ ನಡುವೆ ಉಸಿರಿಗೆ ನಿಂತು. "ಹುಟ್ಟಿದ್ದು ಟೈರು. ತಾರೀಖು ಅದರ ಮೈಮ್ಯಾಲೆ ಐತಿ. ಅದೂ ಸುಳ್ಳೇನು?"

ಸುಳ್ಳಲ್ಲ. ಅದೇ ತೊಂದರೆ.

ದಿನವೆಲ್ಲ ಫೋನಿನಲ್ಲಿ ಒದ್ದೆ ರಸ್ತೆಯ ಟೈರುಗಳ ವಿಡಿಯೋ ನೋಡಿದೆ. ಬರೆಯಲು ಬೇರೇನಿಲ್ಲ.


ಆಗಸ್ಟ್ 6, ಬುಧವಾರ

ಪ್ರಭುವೇ, ಕುಳಿತುಕೋ. ಇವತ್ತು ಬಹಳ ಇದೆ.

ಮುಂಜಾನೆ ಬಿಸಿಲಿತ್ತು. ಖಾಲಿ ಕಾರು ತೆಗೆದುಕೊಂಡು ಹೊರಟೆ. ಒಣ ರಸ್ತೆಯಲ್ಲೂ ಎಮ್ಮೆಗಳು ನನ್ನನ್ನು ಕರುಣೆಯಿಂದ ನೋಡುವಷ್ಟು ನಿಧಾನ. ಅಂಗಡಿ ಮುಟ್ಟಿದ ಕೂಡಲೇ ನಮ್ಮ ಅಜ್ಜಿಯ ಹಾಗೆ ರೋಹಿಣಿ ಮಳೆಯಲ್ಲಿ ಹುಟ್ಟಿದ ಟೈರು ಬೇಕು ಅಂದೆ. ಉಮಾಪತಿ ನಗಲಿಲ್ಲ. ವ್ಯಾಪಾರಿ. ಮೇ ಕೊನೆ, ಜೂನ್ ಮೊದಲು ಅಲ್ಲವೇನು ಎಂದು ಖಾತ್ರಿ ಮಾಡಿಕೊಂಡು ಅಟ್ಟ ಹತ್ತಿದ.

ಅಲ್ಲಿಂದ ಅಗಲ ಮೈಯ ನಾಲ್ಕು ಟೈರು ಉರುಳಿಸಿದ. ಅಂಕಿ 2217. ಅಪ್ಪಟ ರೋಹಿಣಿ. "ಎಂಟು ವರ್ಷದಿಂದ ಒಂದು ಕಿಲೋಮೀಟರ್ ಓಡಿಲ್ಲ ತಂಗಿ. ಬ್ರಹ್ಮಚಾರಿಗಳು. ಅಗಲ ನೋಡು, ನೆಲ ಹಿಡದ್ರ ಬಿಡಂಗಿಲ್ಲ."

ಉಗುರು ಒತ್ತಿ ನೋಡಿದೆ. ಇಳಿಯಲಿಲ್ಲ. ಪಕ್ಕೆಯಲ್ಲಿ ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕು. ಅಗಲ ಹೆಚ್ಚಾದರೆ ನೀರಿನ ಮೇಲೆ ಇನ್ನೂ ಬೇಗ ತೇಲುತ್ತದೆ. ಒಂದು ಚೊಂಬು ನೀರು ಕೇಳಿ ತಂದು ಮೈಮೇಲೆ ಹೊಯ್ದೆ. ಅದು ಹೋಗಲು ದಾರಿ ಕಾಣದೆ ನಡುವೆಯೇ ನಿಂತಿತು. ಟೈರಿಗೆ ಅಭಿಷೇಕ ಮಾಡುತ್ತಿದ್ದಾಳೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವರೂ ಬಂದು ನಿಂತರು. ನಾನು ಎಲ್ಲ ಟೈರಿಗೂ ಅಭಿಷೇಕ ಮಾಡಿದೆ. ಒಂದು ಜಾತಿಯಲ್ಲಿ ಮಾತ್ರ ಹೊಯ್ದ ನೀರು ಮೂರು ಆಳದ ಗೀರು ಹಿಡಿದು, ಓರೆ ಗೀರುಗಳಿಂದ ಎರಡೂ ಪಕ್ಕಕ್ಕೆ ಹರಿದು ಹೋಯಿತು. ಉಗುರು ಮೆತ್ತಗೆ ಇಳಿಯಿತು. ಅಳತೆಯೂ ನಮ್ಮ ಕಾರಿನದೇ. ಅಂಕಿ 2025.

"ಈ ವರ್ಷದ ಇಪ್ಪತ್ತನೇ ವಾರ. ಕೃತ್ತಿಕಿ ಮಳಿ," ಎಂದ ಉಮಾಪತಿ. ಅಷ್ಟರಲ್ಲಿ ಅವನೂ ಜ್ಯೋತಿಷಿಯಾಗಿದ್ದ. "ನಿಮ್ಮ ಅಜ್ಜಿಗೆ ನಡೀತೈತೇನು?"

ನಡೆಯುವುದಿಲ್ಲ. ಒಣಗಿದ ಬ್ರಹ್ಮಚಾರಿಗಳನ್ನು ಕೊಂಡರೆ ಅಜ್ಜಿ ನಾಳೆ ಕಾರು ಹತ್ತಿ ಕೂರುತ್ತಾಳೆ, ಆದರೆ ಕಾರು ನಿಲ್ಲುವುದಿಲ್ಲ. ಇವನ್ನು ಕೊಂಡರೆ ಕಾರು ನಿಲ್ಲುತ್ತದೆ, ಅಜ್ಜಿ ಕೂರುವುದಿಲ್ಲ. ಚೊಂಬು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಪಂಕ್ಚರ್ ಅಂಗಡಿಯವರು ಬೇಜಾರಾಗಿ ಹೋದರು.

ನಾಲ್ಕೂ ಕೃತ್ತಿಕೆ ಹಾಕಿಸಿದೆ. ಹೊಸ ಟೈರಿನ ಮೈಗೆ ಜಾರುವ ಹೊಳಪು ಇರುತ್ತದೆ, ಸವೆಯುವವರೆಗೆ ಮೆಲ್ಲಗೆ ಹೋಗು ಎಂದ ಉಮಾಪತಿ. ನನ್ನ ವೇಗ ಅವನು ನೋಡಿರಲಿಲ್ಲ.

ಊರಿಗೆ ಬಂದು ಅಂಕಿ ತೋರಿಸಿದೆ. ಸುಳ್ಳು ಹೇಳಬಹುದಿತ್ತು, ಅಜ್ಜಿಗೆ ಅಂಕಿ ಓದಲು ಬರುವುದಿಲ್ಲ. ಯಾಕೋ ಹೇಳಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು.

"ಕೃತ್ತಿಕಿ ಬೆಂಕಿ ನಕ್ಷತ್ರ. ಮಳ್ಯಾಗ ಆರಿ ಹೋಗತಾವು."

ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಅಜ್ಜಿಯ ಮುಖ ಊದಿ ಕಣ್ಣು ಸಣ್ಣಗಾಗಿದ್ದವು. "ಯಾಕ ಸುಮ್ನದಿ? ಜ್ವರ ಬಂದಾವೇನು?" ಎಂದು ನನ್ನನ್ನೇ ಕೇಳಿದಳು.

ಬಿಡಿಸಿದವಳು ಪಕ್ಕದ ಮನೆಯ ವಿರೂಪಮ್ಮ. ರಬ್ಬರ್ ಹಾವಿನ ವಿರೂಪಮ್ಮ. ಅವಳ ಸೊಸೆ ತವರಿನಲ್ಲಿ ದುರ್ಗಾದೇವಿ ಆಗಿದ್ದವಳು, ಜಾತಕ ಕೂಡಲಿಲ್ಲವೆಂದು ಅಕ್ಕಿಯಲ್ಲಿ ಸುಮಂಗಲಾ ಎಂದು ಬರೆದು ಒಳಗೆ ಕರೆದುಕೊಂಡರು. "ಹೆಸರು ಬದಲಾದ್ರ ನಕ್ಷತ್ರ ಬದಲಾಗತೈತಿ ಜೋಗಕ್ಕಾ. ಇವಕ್ಕೂ ತೊಟ್ಟಿಲಿಗೆ ಹಾಕಿ ಹೆಸರಿಡೋಣು," ಎಂದಳು. ರೋಹಿಣಿಗೆ ಅಕ್ಷರ ನಾಲ್ಕೇ: ಓ, ವಾ, ವೀ, ವೂ. ನಮ್ಮ ಗಾಲಿಗಳೂ ನಾಲ್ಕೇ. ಅಜ್ಜಿ ಮೂರು ದಿನದಲ್ಲಿ ಮೊದಲ ಸಲ ಬೆನ್ನು ನೇರ ಮಾಡಿ ಕೂತಳು.

ಅಜ್ಜಿಯ ಸ್ಥಿತಿ ತಿಳಿದು ಸಂಜೆಯ ಬಸ್ಸಿಗೆ ಅಪ್ಪನೂ ಬಂದ. ಸುದ್ದಿ ಕೇಳಿ ಮುಖ ಕಲ್ಲಾಯಿತು. ಈ ಮನೆಯಲ್ಲಿ ಜಾತಕದ ಹೆಸರಲ್ಲಿ ಏನೂ ನಡೆಯಕೂಡದು ಎಂದು ಶುರು ಮಾಡಿದ. ಟೈರಿನ ವಾರ ಮೇ ಹನ್ನೆರಡಕ್ಕೆ ಶುರುವಾಗುತ್ತದೆ, ಈ ವರ್ಷ ಅದು ಬುದ್ಧ ಪೂರ್ಣಿಮೆ ಎಂದು ನಾನು ಮೆಲ್ಲಗೆ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಹೊರಗೆ ಹೋಗಿ ನಾಲ್ಕೂ ಗಾಲಿಯ ಪಕ್ಕೆ ನೋಡಿ ಬಂದ. ಆಮೇಲೆ ತೊಟ್ಟಿಲಿನ ಹಗ್ಗ ತಾನೇ ಕಟ್ಟಿದ. "ನಾ ನಿಂತಿದ್ದು ಹುಣ್ಣಿಮಿ ಸಲುವಾಗಿ," ಎಂದು ಮೂರು ಸಲ ಹೇಳಿದ. ಯಾರೂ ಕೇಳಿರಲಿಲ್ಲ.

ಜಾಕ್ ಏರಿಸಿ, ಕೆಳಗೆ ಕಲ್ಲು ಕೊಟ್ಟು, ಒಂದೊಂದೇ ಚಕ್ರ ಕಳಚಿ ಕೊಟ್ಟವಳು ನಾನು. ನಾನು ಮಲಗಿದ್ದ ತೊಟ್ಟಿಲು ಅದು. ಕಿರ್ ಎಂದಿತು, ತಡೆದುಕೊಂಡಿತು. ಹರಳೆಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ವಿರೂಪಮ್ಮ ಸೋದರತ್ತೆಯಾಗಿ ಬಗ್ಗಿದಳು. ಟೈರಿಗೆ ಕಿವಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಗಾಳಿ ತುಂಬುವ ಮೂತಿಯೇ ಕಿವಿ ಎಂದು ಅಪ್ಪನೇ ತೀರ್ಮಾನಿಸಿದ. ವಿರೂಪಮ್ಮ ಅಲ್ಲಿ ಬಾಯಿಟ್ಟು "ಕುರ್ರ್" ಎಂದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಓಬಳೇಶ. ವಾಲ್ಮೀಕಿ. ವೀರೇಶ. ನಾಲ್ಕನೆಯದಕ್ಕೆ ವೂ ಅಕ್ಷರದ ಹೆಸರು ಯಾರಿಗೂ ಹೊಳೆಯದೆ ಕೊನೆಗೆ ಅಂಗಡಿಯವನದೇ ಇಟ್ಟರು, ವೂಮಾಪತಿ. ಗುಗ್ಗರಿ ಹಂಚಿದರು. ಅವ್ವ ಸಿರಿಗೇರಿಯಿಂದ ಬಂದವಳು ತೊಟ್ಟಿಲಲ್ಲಿ ಗಾಲಿ ನೋಡಿ, ಏನೂ ಕೇಳದೆ, ಕೈ ತೊಳೆದು ಜೋಗುಳಕ್ಕೆ ದನಿಗೂಡಿಸಿದಳು.

ಅಜ್ಜಿ ಗೋಡೆಗೆ ಒರಗಿ ನಾಲ್ಕೂ ಮೊಮ್ಮಕ್ಕಳನ್ನು ನೋಡಿದಳು. "ಬಣ್ಣ ನಿಮ್ಮ ತಾತಂದು," ಎಂದಳು.


ಆಗಸ್ಟ್ 7, ಗುರುವಾರ

ಮಳೆ ಮುಂಜಾನೆಯೇ ಹಿಡಿಯಿತು. ಸಣ್ಣದಲ್ಲ.

ಅಜ್ಜಿಯನ್ನು ಅಪ್ಪ ಎತ್ತಿ ಕೂರಿಸಿದ. ಗಿರಣಿಗೆ ಹೋಗಬೇಕಾದವನು ಹೋಗಲಿಲ್ಲ, ಪಕ್ಕದಲ್ಲೇ ಕೂತ. ಅಜ್ಜಿ ಗಾಜಿಗೆ ತಲೆ ಆನಿಸಿ ಒಂದೊಂದೇ ಉಸಿರು ಎಣಿಸುವವಳಂತೆ ತೆಗೆದುಕೊಳ್ಳುತ್ತಿದ್ದಳು. ನಾನು ಹಾಸ್ಯ ಮಾಡಲಿಲ್ಲ. ಕೈ ಖಾಲಿ ಇರಲಿಲ್ಲ.

ಗದ್ದೆಗಳ ನಡುವಿನ ರಸ್ತೆ ಕರ್ರಗೆ ಮಿನುಗುತ್ತಿತ್ತು. ಒಂದು ಕಡೆ ನೀರು ಅಡ್ಡ ಹರಿಯುತ್ತಿತ್ತು. ಅದನ್ನು ದಾಟುವಾಗ ಗೀರುಗಳು ನೀರನ್ನು ಎರಡೂ ಪಕ್ಕಕ್ಕೆ ಎಸೆಯುವ ಸದ್ದು ಕೆಳಗಿನಿಂದ ಕೇಳಿಸಿತು. ಅದೇ ಹೊತ್ತಿಗೆ ಗದ್ದೆಯಿಂದ ಒಂದು ಟ್ರ್ಯಾಕ್ಟರ್ ನೇರ ರಸ್ತೆಗೆ ಏರಿ ಅಡ್ಡ ನಿಂತಿತು. ಮೇಲೆ ಕರಿಬಸವ. ಪ್ಲಾಸ್ಟಿಕ್ ಚೀಲವನ್ನು ಟೋಪಿ ಮಾಡಿಕೊಂಡು ನಮ್ಮ ಕಾರಿನತ್ತ ಕೈ ಬೀಸುತ್ತಿದ್ದ.

ಬ್ರೇಕ್ ಒತ್ತಿದೆ. ಕಾರು ತಿರುಗಲಿಲ್ಲ, ಹರಿಯಲಿಲ್ಲ. ಗೊಣಗಿ, ನೇರವಾಗಿ ನಿಂತಿತು. ಮುಂದಿನ ಬಂಪರಿಗೂ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಗೂ ನಡುವೆ ಒಂದು ಮೇಕೆ ಹಾಯ್ದು ಹೋಗುವಷ್ಟು ಜಾಗ ಇತ್ತು.

ಕರಿಬಸವ ಇಳಿದು ಬಂದು, ಅಜ್ಜಿ ಹೆಂಗದಾಳ ಎಂದು ಕೇಳಿದ. ಅಪ್ಪ ಅವನಿಗೆ ಪಂಚಶೀಲದಲ್ಲಿ ಇಲ್ಲದ ಮಾತು ಹೇಳಿದ.

ಈಗ ಅಜ್ಜಿ ಯಂತ್ರದ ಪಕ್ಕ ಮಲಗಿದ್ದಾಳೆ. ಪೂರ್ತಿ ಮಲಗಿದ್ದಾಳೆ, ಒರಗಿ ಅಲ್ಲ. ಗೊರಕೆ ಹೊಡೆಯುತ್ತಿದ್ದಾಳೆ. ಪಕ್ಕದ ಹಾಸಿಗೆಯವರು ನರ್ಸಿಗೆ ದೂರು ಕೊಟ್ಟರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಆ ಗೊರಕೆ ಕೇಳುತ್ತಾ ಇದನ್ನು ಬರೆಯುತ್ತಿದ್ದೇನೆ.


ಆಗಸ್ಟ್ 11, ಸೋಮವಾರ

ಹೋಗಿ ಬಂದೆವು. ಜಿಟಿಜಿಟಿ ಮಳೆ. ಹೊರಡುವ ಮುನ್ನ ನಾಲ್ಕಕ್ಕೂ ಗಾಳಿ ನೋಡಿದೆ, ಗೀರಲ್ಲಿ ಸಿಕ್ಕ ಕಲ್ಲು ಕಡ್ಡಿಯಿಂದ ತೆಗೆದೆ. ಅಜ್ಜಿಯ ಚಪ್ಪಲಿ ಮತ್ತೆ ಕಾಲಿಗೆ ಹಿಡಿಯುತ್ತಿದೆ. ವಿರೂಪಮ್ಮನ ಹತ್ತಿರ ಇರುವ ನನ್ನ ರಬ್ಬರ್ ಹಾವನ್ನು ವಾಪಸು ಕೇಳಲು ಮರೆತೇ ಹೋಗಿದೆ.

ಡೈರಿಪ್ರಭುವೇ, ಮುಚ್ಚುವ ಮುನ್ನ ಒಂದು ಮಾತು. ಗುರುವಾರದ್ದನ್ನು ಪೂರ್ತಿ ಬರೆದಿಲ್ಲ. ಬ್ರೇಕ್ ಒತ್ತಿದ ಕ್ಷಣ ನನ್ನ ಬಾಯಿಂದ ದೇವರೂ ಬರಲಿಲ್ಲ, ಅವ್ವನೂ ಬರಲಿಲ್ಲ. "ಓಬಳೇಶಾ, ಹಿಡಿಯೋ," ಎಂದು ಕೂಗಿದೆ. ಅಪ್ಪ ಕೇಳಿಸದವನಂತೆ ಕಿಟಕಿ ನೋಡಿದ. ಹಿಂದಿನಿಂದ ಅಜ್ಜಿ, ಉಸಿರಿಲ್ಲದ ಉಸಿರಲ್ಲಿ, ತಿದ್ದಿದಳು: "ಮುಂದಿಂವ ವಾಲ್ಮೀಕಿ. ಓಬಳೇಶ ಹಿಂದ ಅದಾನ."

ಅವಳಿಗೆ ಗೊತ್ತಿಲ್ಲದ್ದು ನಿನಗೆ ಹೇಳುತ್ತೇನೆ. ಬುಧವಾರ ಎಲ್ಲರೂ ಗುಗ್ಗರಿ ತಿಂದು ಹೋದ ಮೇಲೆ, ಹರಳೆಣ್ಣೆ ಹಚ್ಚಿದ ಟೈರು ಮಳೆಯಲ್ಲಿ ಜಾರೀತು ಎಂದು ಹೆದರಿ, ನಾಲ್ಕನ್ನೂ ಸೋಪು ಹಾಕಿ ತಿಕ್ಕಿ ತೊಳೆದೆ. ಕುಂಕುಮವೂ ಹೋಯಿತು, ಗುರುತೂ ಹೋಯಿತು. ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಹಾಕಿ ಬೋಲ್ಟು ಬಿಗಿದೆ. ಅವರಲ್ಲಿ ಓಬಳೇಶ ಯಾರು, ವಾಲ್ಮೀಕಿ ಯಾರು, ನನಗೂ ಗೊತ್ತಿಲ್ಲ.

ಆದರೂ ಕರೆದೆ. ಯಾವನೋ ಒಬ್ಬ ಓಗೊಟ್ಟ.